ಒಂಬತ್ತರ ಬೆಲ್ಲಿಗೆ ಮುಂಚಿನ ತಿಂಗಳುಗಳು

ಬೆಂಗಳೂರಿನಲ್ಲಿ ಹತ್ತೂವರೆ ಆದಾಗ ದುಬೈನಲ್ಲಿ ಒಂಬತ್ತು ಗಂಟೆ. ಸಿಬಿಎಸ್‌ಇ ಬೋರ್ಡ್ ಪರೀಕ್ಷೆಗೆ ಎರಡೂ ಕಡೆಯ ಮಕ್ಕಳು ಒಂದೇ ಗಳಿಗೆಯಲ್ಲಿ ಪೆನ್ನು ಎತ್ತುತ್ತಾರೆ. ಗಲ್ಫಿನ ಮಗುವಿಗೆ ಮಾತ್ರ ಆ ಗಳಿಗೆ ಗಡಿಯಾರದ ಲೆಕ್ಕದಲ್ಲಿ ಒಂದೂವರೆ ತಾಸು ಬೇಗ ಬರುತ್ತದೆ. ಫೆಬ್ರವರಿಯ ನಸುಕಿನಲ್ಲಿ ಎದ್ದು, ಹಾಲ್ ಟಿಕೆಟ್ ಮೂರನೇ ಸಲ ಮುಟ್ಟಿ ನೋಡಿಕೊಂಡು, ದೋಸೆಯ ಅರ್ಧವನ್ನು ತಟ್ಟೆಯಲ್ಲೇ ಬಿಟ್ಟು ಏಳುವ ಹೊತ್ತಿಗೆ ಊರಿನಿಂದ ಅಜ್ಜಿಯ ಧ್ವನಿ ಬಂದಿರುತ್ತದೆ. ಎಮಿರೇಟ್ಸ್‌ನಲ್ಲಿ ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ, ಹಾಗಾಗಿ ಆಶೀರ್ವಾದ ರೆಕಾರ್ಡ್ ಆಗಿಯೇ ಬರುತ್ತದೆ: "ಹೆದರಬೇಡ ಮಗಾ, ಗಣಪತಿಗೆ ಹಣ್ಣುಕಾಯಿ ಮಾಡಿಸಿದ್ದೇನೆ." ಮಗು ಅದನ್ನು ಕೇಳುತ್ತದೆ. ಆದರೂ ಕೈ ತಣ್ಣಗಿರುತ್ತದೆ, ಹೊಟ್ಟೆ ತೊಳಸುತ್ತದೆ, ನಿನ್ನೆ ರಾತ್ರಿ ಬಾಯಿಪಾಠವಿದ್ದ ಸೂತ್ರ ಎಲ್ಲೋ ಅಡಗಿ ಕುಳಿತಿರುತ್ತದೆ.

ಇದು ಒಂದು ಮನೆಯ ಕಥೆಯಲ್ಲ. 2015ರ ಅಂತರರಾಷ್ಟ್ರೀಯ ಶಿಕ್ಷಣ ಸಮೀಕ್ಷೆ ಪಿಸಾದಲ್ಲಿ ಒಇಸಿಡಿ ದೇಶಗಳ 15 ವರ್ಷದ ಮಕ್ಕಳಲ್ಲಿ ಶೇ 59ರಷ್ಟು ಮಂದಿ, ಪರೀಕ್ಷೆ ಕಷ್ಟವಿರುತ್ತದೇನೋ ಎಂದು ಆಗಾಗ ಚಿಂತಿಸುತ್ತೇವೆ ಎಂದಿದ್ದರು. ಶೇ 55ರಷ್ಟು ಮಕ್ಕಳು ಹೇಳಿದ್ದು ಇನ್ನೂ ಯೋಚಿಸಬೇಕಾದ ಮಾತು: ಚೆನ್ನಾಗಿ ಓದಿಕೊಂಡಿದ್ದರೂ ತುಂಬಾ ಆತಂಕವಾಗುತ್ತದೆ. "ಸರಿಯಾಗಿ ಓದಿದ್ದರೆ ಯಾಕೆ ಹೆದರಿಕೆ?" ಎಂದು ಕೇಳುವ ಹಿರಿಯರಿಗೆ ಈ ಅಂಕಿಯನ್ನು ತೋರಿಸಬೇಕು.

ದುಬೈ, ಅಬುಧಾಬಿಯ ಭಾರತೀಯ ಶಾಲೆಗಳ ಮಕ್ಕಳ ಮೇಲೆ ಇನ್ನೂ ಒಂದಷ್ಟು ಭಾರ ಬೀಳುತ್ತದೆ. ಇಲ್ಲಿ ಮನೆಯ ವಾಸವೇ ಅಪ್ಪನ ಅಥವಾ ಅಮ್ಮನ ಕೆಲಸದ ವೀಸಾಕ್ಕೆ ಕಟ್ಟಿದ್ದು. ಶಾಲೆಯ ಫೀಸು ಎಷ್ಟೆಂದು ಮಗುವಿಗೂ ಗೊತ್ತು. ಹನ್ನೆರಡನೆಯದು ಮುಗಿದ ಮೇಲೆ ಮಂಗಳೂರೋ ಮಣಿಪಾಲವೋ, ಇಲ್ಲೇ ದುಬೈನ ಕ್ಯಾಂಪಸ್ಸೋ ಎಂಬುದನ್ನು ಅಂಕವೇ ತೀರ್ಮಾನಿಸುತ್ತದೆ. 2021ರ ಜುಲೈನಲ್ಲಿ ಯುಎಇ ಸರ್ಕಾರ ಪ್ರೌಢಶಿಕ್ಷಣದಲ್ಲಿ ಶೇ 95ಕ್ಕಿಂತ ಕಡಿಮೆಯಿಲ್ಲದೆ ಗಳಿಸಿದ ಪ್ರತಿಭಾವಂತರಿಗೆ ದೀರ್ಘಕಾಲದ ವಾಸಕ್ಕೆ ಅವಕಾಶ ಕೊಡುವ ಗೋಲ್ಡನ್ ವೀಸಾದ ಬಾಗಿಲು ತೆರೆಯಿತು. ಒಳ್ಳೆಯ ಉದ್ದೇಶದ ಯೋಜನೆ ಅದು. ಆದರೆ ಊಟದ ಮೇಜಿನ ಮಾತಿನಲ್ಲಿ ಆ 95 ನುಸುಳಿದ ಮೇಲೆ, ಹದಿನೇಳರ ಹುಡುಗನಿಗೆ ತನ್ನ ಉತ್ತರಪತ್ರಿಕೆಯಲ್ಲಿ ಇಡೀ ಮನೆಯ ವಾಸವೇ ಇದೆ ಅನ್ನಿಸಿದರೆ ಅದು ಅವನ ತಪ್ಪಲ್ಲ.

ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆಯುವವರ ಪಾಡು ಇನ್ನೊಂದು ಬಗೆಯದು. 2020ರಲ್ಲಿ, ಕೋವಿಡ್ ನಡುವೆ, ಗಲ್ಫಿನಲ್ಲಿ ಪರೀಕ್ಷಾ ಕೇಂದ್ರ ಸಿಗದೆ ಮಕ್ಕಳು ಭಾರತಕ್ಕೆ ವಿಮಾನ ಹತ್ತಬೇಕಾಯಿತು. ಮರುವರ್ಷ ಮೊದಲ ಸಲ ಕುವೈತ್ ಮತ್ತು ದುಬೈನಲ್ಲಿ ಕೇಂದ್ರಗಳಾದವು, ನಂತರ ಅಬುಧಾಬಿ, ಶಾರ್ಜಾ ಸೇರಿಕೊಂಡವು. 2024ರ ಫೆಬ್ರವರಿಯಲ್ಲಿ ಅರ್ಜಿ ಕರೆದಾಗ ವಿದೇಶದ ಕೇಂದ್ರಗಳೇ ಪಟ್ಟಿಯಲ್ಲಿರಲಿಲ್ಲ. ಪೋಷಕರು ಗಾಬರಿಗೊಂಡು ದನಿಯೆತ್ತಿದ ಮೇಲೆ ಅದೇ ತಿಂಗಳಲ್ಲಿ 14 ನಗರಗಳು ಮರಳಿ ಸೇರಿದವು. ಎಲ್ಲಿ ಕುಳಿತು ಬರೆಯಬೇಕೆಂಬುದೇ ತಿಳಿಯದೆ ಓದುವ ಮಗುವಿನ ಆತಂಕವನ್ನು ಯಾವ ಪ್ರಾಣಾಯಾಮವೂ ಪೂರ್ತಿ ಕಳೆಯಲಾರದು. ಹೆದರಿಕೆಯ ಒಂದು ಪಾಲು ಮಗುವಿನ ಒಳಗಿರುತ್ತದೆ, ಇನ್ನೊಂದು ಪಾಲು ಸುತ್ತಲಿನವರು ಕಟ್ಟಿದ್ದು ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಉಪಾಯಗಳನ್ನು ನೋಡಬೇಕು.

ಉಪಾಯವೆಂದರೆ ಕೆಲವರಿಗೆ ಮೊದಲು ನೆನಪಾಗುವುದು ಮಾತ್ರೆ; ಆ ವಿಚಾರವನ್ನು ಇಲ್ಲಿಯೇ ಮುಗಿಸಿಬಿಡಬಹುದು. ಊರಿನಲ್ಲಿ ಅಜ್ಜನಿಗೆ ಬರೆದುಕೊಟ್ಟ ನಿದ್ದೆಯ ಗುಳಿಗೆ, ವೇದಿಕೆ ಹತ್ತುವ ಮುಂಚೆ ಕೆಲವರು ನುಂಗುವ ಬೀಟಾ ಬ್ಲಾಕರ್ ಇವು ಪರೀಕ್ಷೆಯ ಬೆಳಗ್ಗೆ ಕೊಡುವ ವಸ್ತುಗಳಲ್ಲ. ಆಲ್‌ಪ್ರಜೋಲಾಂ ಜಾತಿಯ ಗುಳಿಗೆ ಮಂಪರು ತರುತ್ತದೆ, ಹೊಸದನ್ನು ನೆನಪಿಡುವ ಶಕ್ತಿಯನ್ನೇ ಕುಗ್ಗಿಸುತ್ತದೆ; ಬೀಟಾ ಬ್ಲಾಕರ್ ಆಸ್ತಮಾ ಇರುವವರಿಗೆ ಅಪಾಯ. ಅದರ ಮೇಲೆ, ಇಂಥ ಹಲವು ಗುಳಿಗೆಗಳು ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಮುಂಚಿತ ಅನುಮತಿಯಿಲ್ಲದೆ ಸೂಟ್‌ಕೇಸಿನಲ್ಲಿ ತಂದರೆ ವಿಮಾನ ನಿಲ್ದಾಣದಲ್ಲೇ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳಬೇಕಾಗುತ್ತದೆ. ಮನೋವೈದ್ಯರು ಪರೀಕ್ಷಿಸಿ ಕೊಟ್ಟ ಔಷಧಿ ಬೇರೆ ಮಾತು. ಅದನ್ನು ಅವರನ್ನು ಕೇಳದೆ ನಿಲ್ಲಿಸಬಾರದು.

ಹಾಗಾದರೆ ಈ ಹೆದರಿಕೆ ಏನು? 1908ರಲ್ಲಿ ಮನೋವಿಜ್ಞಾನಿಗಳಾದ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಹಿಡಿದು ಒಂದು ಮಾತು ನಿಂತುಬಂದಿದೆ: ಸ್ವಲ್ಪ ಉದ್ವೇಗ ಬೇಕು, ಕಷ್ಟದ ಕೆಲಸದಲ್ಲಿ ಅದು ಹದ ಮೀರಿದರೆ ಕೆಲಸ ಕೆಡುತ್ತದೆ. 1952ರಲ್ಲಿ ಮ್ಯಾಂಡ್ಲರ್ ಮತ್ತು ಸಾರಸನ್ ಪರೀಕ್ಷಾ ಆತಂಕವನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. 1967ರಲ್ಲಿ ಲೀಬರ್ಟ್ ಮತ್ತು ಮಾರಿಸ್ ಅದನ್ನು ಎರಡಾಗಿ ಸೀಳಿ ತೋರಿಸಿದರು. ಒಂದು ದೇಹದ್ದು: ಎದೆ ಢವಢವ, ಬೆವರು, ಒಣಗಿದ ಬಾಯಿ. ಇನ್ನೊಂದು ತಲೆಯೊಳಗಿನ ಮಾತು: "ಆಗಲ್ಲ, ಮರೆತುಹೋಯ್ತು, ಅಪ್ಪನಿಗೆ ಏನು ಹೇಳಲಿ?" ಅಂಕವನ್ನು ತಿನ್ನುವುದು ಬಹುಮಟ್ಟಿಗೆ ಎರಡನೆಯದು. ಲೆಕ್ಕ ಬಿಡಿಸಲು ಬೇಕಾದ ತಲೆಯ ಜಾಗವನ್ನೇ ಆ ಚಿಂತೆ ಆಕ್ರಮಿಸುತ್ತದೆ ಎಂಬುದು ಅದಕ್ಕೆ ಹಲವರು ಕೊಡುವ ವಿವರಣೆ.

ದೇಹದ ಕಡೆಯ ಉಪಾಯಗಳೇ ಹೆಚ್ಚು ಜನಪ್ರಿಯ. ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪುಸ್ತಕವಾಗಿ ತಂದ ಸ್ನಾಯು ಸಡಿಲಿಕೆಯ ಕ್ರಮ ಇವತ್ತಿಗೂ ಉಳಿದಿದೆ. ಮುಷ್ಟಿ ಬಿಗಿಹಿಡಿದು ಬಿಡುವುದು, ಭುಜ ಕಿವಿಯ ತನಕ ಎತ್ತಿ ಇಳಿಸುವುದು, ಕಾಲ್ಬೆರಳ ತನಕ ಹೀಗೆ ಒಂದೊಂದೇ ಭಾಗ. ನಮ್ಮವರಿಗೆ ಶವಾಸನ ಗೊತ್ತಿರುವುದರಿಂದ ಇದು ಪರಕೀಯವೆನಿಸುವುದಿಲ್ಲ. ಉಸಿರಾಟದ್ದೂ ಹಾಗೆಯೇ. 2023ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಸುಮಾರು 100 ವಯಸ್ಕರಿಗೆ ಒಂದು ತಿಂಗಳು, ದಿನಕ್ಕೆ 5 ನಿಮಿಷದ ಅಭ್ಯಾಸ ಮಾಡಿಸಿದರು. ಒಂದು ಗುಂಪಿನ ಅಭ್ಯಾಸ: ಮೂಗಿನಿಂದ ಎಳೆದ ಉಸಿರಿನ ಮೇಲೆ ಇನ್ನೊಂದು ಪುಟ್ಟ ಉಸಿರು ಸೇರಿಸಿ, ಬಾಯಿಯಿಂದ ನಿಧಾನವಾಗಿ, ಉದ್ದಕ್ಕೆ ಬಿಡುವುದು. ಸುಮ್ಮನೆ ಧ್ಯಾನ ಮಾಡಿದವರಿಗಿಂತ ಇದನ್ನು ಮಾಡಿದವರ ಮನಸ್ಸಿನಲ್ಲಿ ಹೆಚ್ಚು ಲವಲವಿಕೆ ಕಂಡಿತು. ಆತಂಕ ಮಾತ್ರ ಎರಡೂ ಗುಂಪಿನಲ್ಲಿ ಇಳಿಯಿತು. ಎಳೆಯುವುದಕ್ಕಿಂತ ಬಿಡುವುದು ಉದ್ದವಾಗಿರಲಿ ಎಂಬುದನ್ನು ಭ್ರಾಮರಿ ಕಲಿಸುವ ಯಾವ ಯೋಗ ಶಿಕ್ಷಕಿಯೂ ಹೇಳಿಯಾಳು.

ಎಡವುವುದು ಎಲ್ಲೆಂದರೆ, ಈ ಉಸಿರನ್ನು ಮಗುವಿಗೆ ಮೊದಲ ಬಾರಿಗೆ ಹೇಳಿಕೊಡುವುದು ಪರೀಕ್ಷೆಯ ದಿನ, ಶಾಲೆಯ ಗೇಟಿನ ಮುಂದೆ, ಕಾರಿನೊಳಗೆ. ಆಗ ಅದೂ ಇನ್ನೊಂದು ಪರೀಕ್ಷೆಯಾಗುತ್ತದೆ; ಉಸಿರು ಸರಿಯಾಗಿ ಬರುತ್ತಿಲ್ಲವೆಂಬುದೇ ಹೊಸ ಗಾಬರಿ. ನವೆಂಬರಿನಿಂದ ದಿನಾ ಮಲಗುವ ಮುಂಚೆ ಐದು ನಿಮಿಷ ಮಾಡಿದ ಮಗುವಿಗೆ ಮಾತ್ರ ಫೆಬ್ರವರಿಯಲ್ಲಿ ಅದು ಕೈಗೆ ಸಿಗುತ್ತದೆ.

ಚಿಂತೆಯ ಕಡೆಗೆ ಬಂದರೆ, ಕೆಲವು ಜಾಣ ಉಪಾಯಗಳು ಸುದ್ದಿಯಾಗಿವೆ. 2014ರಲ್ಲಿ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್, "ಶಾಂತವಾಗಿರು" ಎಂದು ತನಗೆ ಹೇಳಿಕೊಳ್ಳುವುದಕ್ಕಿಂತ "ನನಗೆ ಉತ್ಸಾಹ ಬಂದಿದೆ" ಎಂದು ಹೇಳಿಕೊಂಡವರು ಭಾಷಣ, ಲೆಕ್ಕ, ಹಾಡುಗಳಲ್ಲಿ ಮೇಲಾದರೆಂದು ತೋರಿಸಿದರು. ಎದೆಬಡಿತ ಎರಡಕ್ಕೂ ಒಂದೇ, ಇಟ್ಟ ಹೆಸರು ಬೇರೆ. 2011ರಲ್ಲಿ ರಮಿರೆಜ್ ಮತ್ತು ಬೈಲಾಕ್ ಅವರ ಪ್ರಯೋಗ ಇನ್ನೂ ಪ್ರಸಿದ್ಧ: ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನು ಬರೆದು ಹಾಕಿದ ಆತಂಕದ ಮಕ್ಕಳು ಹೆಚ್ಚು ಅಂಕ ತೆಗೆದರು. ಪತ್ರಿಕೆಗಳು ಅದನ್ನು ಎತ್ತಿ ಹಿಡಿದವು. ಆದರೆ 2018ರಲ್ಲಿ ಹೆಸರಾಂತ ವಿಜ್ಞಾನ ಪತ್ರಿಕೆಗಳಲ್ಲಿ ಬಂದ 21 ಸಮಾಜವಿಜ್ಞಾನ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ, ಮೊದಲಿನ ಫಲಿತಾಂಶ ಬಾರದ ಪ್ರಯೋಗಗಳ ಸಾಲಿನಲ್ಲಿ ಇದೂ ಇತ್ತು. ಬರೆದು ಹಗುರಾಗುವ ಮಗು ಬರೆಯಲಿ, ನಷ್ಟವೇನಿಲ್ಲ. ಅಂಕ ಏರುತ್ತದೆಂದು ಮಾತು ಕೊಡಬಾರದು ಅಷ್ಟೆ.

ಇದೇ ಎಚ್ಚರ ಮೈಂಡ್‌ಫುಲ್‌ನೆಸ್ ತರಗತಿಗಳಿಗೂ ಬೇಕು. ಬ್ರಿಟನ್ನಿನಲ್ಲಿ 11ರಿಂದ 14 ವರ್ಷದ 8 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು, ಒಂದು ಗುಂಪಿಗೆ ಶಾಲೆಯಲ್ಲೇ ಅದನ್ನು ಕಲಿಸಿ ನೋಡಿದ ಮಿರಿಯಡ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು: ಮಾಮೂಲು ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಇಷ್ಟವಿಲ್ಲದ ಮಗುವನ್ನು ಕಣ್ಣು ಮುಚ್ಚಿ ಕೂರಿಸಿದರೆ ಏನು ಸಿಕ್ಕೀತು? ಮನಸ್ಸಿಟ್ಟು ಮಾಡುವವರಿಗೆ ಧ್ಯಾನ ಒಳ್ಳೆಯದೇ. ಇಡೀ ತರಗತಿಗೆ ಒಟ್ಟಿಗೆ ಹಾಕುವ ಲಸಿಕೆ ಅದಲ್ಲ.

ನಿಜವಾದ ಬಲ ಇರುವುದು ಯಾರೂ ಹೆಚ್ಚು ಹೊಗಳದ ಒಂದು ಅಭ್ಯಾಸದಲ್ಲಿ. ಓದಿದ್ದನ್ನು ಮತ್ತೆ ಮತ್ತೆ ಓದುವ ಬದಲು, ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್, ಹೀಗೆ ನೆನಪಿನಿಂದ ಎಳೆದು ತೆಗೆದ ಪಾಠ ವಾರದ ನಂತರವೂ ಉಳಿಯುತ್ತದೆಂದು ತೋರಿಸಿದರು. 2014ರಲ್ಲಿ ಪೂಜಾ ಅಗರ್ವಾಲ್ ಮತ್ತು ಜೊತೆಗಾರರು ಅಮೆರಿಕದ 1,408 ಶಾಲಾ ಮಕ್ಕಳನ್ನು ಕೇಳಿದಾಗ, ತರಗತಿಯಲ್ಲಿ ಈ ಅಭ್ಯಾಸ ಮಾಡಿದ ಮೇಲೆ ಪರೀಕ್ಷೆಯ ಅಂಜಿಕೆ ಕಡಿಮೆಯಾಯಿತು ಎಂದವರು ಶೇ 72. 2022ರ ಇನ್ನೊಂದು ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ, ಪರೀಕ್ಷೆಗೆ ಮುಂಚೆ ಯಾರಿಗೆ ಎಷ್ಟು ಗೊತ್ತಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆತಂಕದಿಂದ ಅಂಕ ಇಳಿದದ್ದು ಕಾಣಲಿಲ್ಲ. ಅಂದರೆ ಭಯ ಹೆಚ್ಚು ಹಾಳುಮಾಡುವುದು ಆ ಮೂರು ಗಂಟೆಯನ್ನಲ್ಲ, ಅದಕ್ಕೂ ಹಿಂದಿನ ವಾರಗಳ ಓದನ್ನು. ಪುಸ್ತಕ ತೆರೆದ ಕೂಡಲೇ ಚಿಂತೆ ಹತ್ತಿ, ಫೋನ್ ಕೈಗೆ ಬಂದು, ಪಾಠ ನಾಳೆಗೆ ಹೋಗುತ್ತದೆ.

ಇದು ಮನೆಯಲ್ಲಿ ಹೇಗೆ ನಡೆಯಬಹುದು ನೋಡಿ. ಅಲ್ ಕುಸೈಸೋ ಕರಾಮಾವೋ, ಒಂದು ಬೆಡ್‌ರೂಮಿನ ಫ್ಲ್ಯಾಟ್, ಶನಿವಾರದ ಬೆಳಗ್ಗೆ. ಊಟದ ಮೇಜಿನ ಮೇಲಿಂದ ಉಪ್ಪಿನಕಾಯಿ ಬಾಟಲಿ, ನ್ಯಾಪ್‌ಕಿನ್ ಎಲ್ಲ ಎತ್ತಿಟ್ಟಾಗಿದೆ. ಎಂಟು ಮುಕ್ಕಾಲಿಗೆ ಹಳೆಯ ಪ್ರಶ್ನೆಪತ್ರಿಕೆಯ ಪ್ರಿಂಟ್ ಕೈಗೆ. ಬೋರ್ಡಿನಲ್ಲಿ ಇರುವಂತೆಯೇ 15 ನಿಮಿಷ ಬರೀ ಓದುವುದಕ್ಕೆ. ಮೊದಲ ಪುಟದ ಮೂರನೇ ಪ್ರಶ್ನೆ ಬರುವುದಿಲ್ಲ. ಇಲ್ಲಿಯೇ ಕೈ ತಣ್ಣಗಾಗುವುದು, ಇಲ್ಲಿಯೇ ಕಲಿಯಬೇಕಾದದ್ದು: ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ, ಒಂದು ಉದ್ದ ಉಸಿರು, ನಾಲ್ಕನೆಯದಕ್ಕೆ ಹೋಗು. ಒಂಬತ್ತಕ್ಕೆ ಬರವಣಿಗೆ. ಟಿವಿ ಇಲ್ಲ, ಫೋನ್ ಇನ್ನೊಂದು ಕೋಣೆಯಲ್ಲಿ, ತಮ್ಮನನ್ನು ಅಪ್ಪ ಝಬೀಲ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದಾನೆ. ಹನ್ನೆರಡಕ್ಕೆ ಪೆನ್ನು ಕೆಳಗೆ, ಮುಗಿಯದಿದ್ದರೂ. ಐದಾರು ಶನಿವಾರ ಹೀಗೆ ಕಳೆದರೆ, ಅಸಲು ದಿನದ ಒಂಬತ್ತು ಗಂಟೆ ಪರಿಚಯದ ಒಂಬತ್ತು ಗಂಟೆಯೇ ಆಗಿರುತ್ತದೆ.

ಹೆದರುವ ವಸ್ತುವಿಗೆ ಸ್ವಲ್ಪ ಸ್ವಲ್ಪವಾಗಿ ಹತ್ತಿರವಾಗುವ ಈ ಕ್ರಮವನ್ನು ಜೋಸೆಫ್ ವುಲ್ಪೆ 1958ರಲ್ಲಿ ಚಿಕಿತ್ಸೆಯಾಗಿ ರೂಪಿಸಿದರು. ಯಕ್ಷಗಾನ ಕಲಿತವರಿಗೆ ಅದನ್ನು ವಿವರಿಸಬೇಕಾಗಿಲ್ಲ. ದುಬೈನಲ್ಲಿ ಹೆಜ್ಜೆ ಕಲಿಯುವ ತುಳುನಾಡಿನ ಮನೆಗಳ ಮಕ್ಕಳು ಮೊದಲು ಬರಿಗಾಲಲ್ಲಿ ತಾಳಕ್ಕೆ, ಆಮೇಲೆ ಚೆಂಡೆಗೆ, ಆಮೇಲೆ ಗೆಜ್ಜೆ ಕಟ್ಟಿ, ಕೊನೆಗೆ ಕಿರೀಟ ಹೊತ್ತು ಸಾವಿರ ಜನರ ಮುಂದೆ ಕುಣಿಯುತ್ತಾರೆ. ರಂಗಕ್ಕೆ ಹೋಗುವ ಮುಂಚಿನ ನಡುಕ ಅವರಿಗೂ ಇದೆ, ಅದು ಎರಡನೇ ಪದ್ಯಕ್ಕೆ ಇಳಿಯುತ್ತದೆಂಬ ಅನುಭವವೂ ಇದೆ. ಬೋರ್ಡ್ ವರ್ಷ ಬಂದ ಕೂಡಲೇ ಯಕ್ಷಗಾನ, ಸಂಗೀತ, ಕ್ರಿಕೆಟ್ಟು, ದುಬೈನ ಕನ್ನಡ ಪಾಠಶಾಲೆಯ ತರಗತಿ ಎಲ್ಲವನ್ನೂ ನಿಲ್ಲಿಸಿಬಿಡುವ ಮನೆಗಳು ಈ ಅನುಭವವನ್ನೇ ಮಗುವಿನಿಂದ ಕಿತ್ತುಕೊಳ್ಳುತ್ತವೆ. ವಾರದಲ್ಲಿ ಎರಡು ಗಂಟೆ ಉಳಿಸಿಕೊಟ್ಟರೆ ಅಂಕಕ್ಕೆ ಏನೂ ಕುಂದಾಗದು.

ಮೈ ದಣಿಸುವುದಕ್ಕೂ ಇಲ್ಲಿ ಕಾಲ ಕೂಡಿಬರುತ್ತದೆ. ಜುಲೈನಲ್ಲಿ ಹೊರಗೆ ಕಾಲಿಡಲಾಗದ ಊರು, ನವೆಂಬರಿನಿಂದ ಮಾರ್ಚಿನ ತನಕ ನಡೆಯಲು ಹೇಳಿ ಮಾಡಿಸಿದಂತಿರುತ್ತದೆ. ದಿನಕ್ಕೆ 30 ನಿಮಿಷದಂತೆ 30 ದಿನ ಮೈ ದಂಡಿಸಿ ಎಂಬ ದುಬೈ ಫಿಟ್‌ನೆಸ್ ಚಾಲೆಂಜ್ 2017ರಿಂದ ನಡೆಯುತ್ತಿದೆ, ಅದೂ ಬೋರ್ಡ್ ಮಕ್ಕಳ ತಯಾರಿ ಬಿಸಿಯಾಗುವ ಹೊತ್ತಿಗೇ. ಅಬುಧಾಬಿ ಕಾರ್ನಿಷ್‌ನಲ್ಲಿ ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆದು ಬಂದ ಹುಡುಗಿಗೆ ಆ ರಾತ್ರಿ ನಿದ್ದೆ ಸಲೀಸು.

ನಿದ್ದೆಯ ವಿಷಯದಲ್ಲಿ ರಾಜಿ ಸಲ್ಲದು. ಹದಿಹರೆಯದವರಿಗೆ 8ರಿಂದ 10 ಗಂಟೆ ಬೇಕು. ಓದಿದ್ದು ನೆನಪಾಗಿ ನೆಲೆಯೂರುವುದೂ ಆ ಹೊತ್ತಿನಲ್ಲೇ. ಮುಂಜಾನೆಯ ಶಾಲಾ ಬಸ್ಸು ಹಿಡಿಯುವ ಮಗು ರಾತ್ರಿ ಒಂದರ ತನಕ ಓದಿದರೆ ಲೆಕ್ಕ ಎಲ್ಲಿಯೂ ಕೂಡುವುದಿಲ್ಲ. ಈಚಿನ ವರ್ಷಗಳಲ್ಲಿ ರಂಜಾನ್ ಬೋರ್ಡ್ ಪರೀಕ್ಷೆಯ ಮೇಲೆಯೇ ಬರುತ್ತಿದೆ. 2025ರಲ್ಲಿ ಮಾರ್ಚ್ 1ಕ್ಕೆ ಉಪವಾಸ ಶುರುವಾದಾಗ ಪರೀಕ್ಷೆಗಳು ಇನ್ನೂ ನಡೆಯುತ್ತಿದ್ದವು. ಮಂಗಳೂರು, ಭಟ್ಕಳ, ಕಾಸರಗೋಡು ಮೂಲದ ಮುಸ್ಲಿಂ ಮನೆಗಳಲ್ಲಿ ಉಪವಾಸಕ್ಕೆ ಮುಂಚಿನ ಸಹರಿ ಊಟಕ್ಕೆ ಎದ್ದು ಮತ್ತೆ ಮಲಗದೆ ಹೊರಡುವ ಮಕ್ಕಳಿಗೆ ರಾತ್ರಿಯ ತರಾವೀಹ್ ನಮಾಜಿನ ನಂತರ ಬೇಗ ಮಲಗುವುದು, ಶಾಲೆಯಿಂದ ಬಂದ ಮೇಲೆ ಒಂದು ಸಣ್ಣ ನಿದ್ದೆ, ಸಹರಿಯಲ್ಲಿ ಸಾಕಷ್ಟು ನೀರು ಇವನ್ನು ಮನೆಯವರೆಲ್ಲ ಸೇರಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಂದು ಮಗುವಿನ ಮೇಲೆ ಬಿಟ್ಟರೆ ಆಗುವ ಕೆಲಸವಲ್ಲ ಅದು.

ಶಾಲೆಗಳೂ ಆಡಳಿತವೂ ಕೈಕಟ್ಟಿ ಕುಳಿತಿಲ್ಲ. ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಕೆಎಚ್‌ಡಿಎ 2017ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರದ ಜೊತೆ ಸೇರಿ ವಿದ್ಯಾರ್ಥಿಗಳ ಕ್ಷೇಮದ ಗಣತಿ ಶುರುಮಾಡಿತು. ಮಕ್ಕಳನ್ನೇ ಕೇಳಿ, ಅವರ ನಿದ್ದೆ, ಚಿಂತೆ, ಸ್ನೇಹ, ನೆಮ್ಮದಿಯನ್ನು ಅಳೆದು ಪ್ರತಿ ಶಾಲೆಗೂ ವರದಿ ಕೊಟ್ಟಿತು. ಅಬುಧಾಬಿಯಲ್ಲಿ ಶಿಕ್ಷಣ ಇಲಾಖೆಯಾದ ಅಡೆಕ್‌ನ ಶಾಲಾ ನೀತಿಗಳಲ್ಲಿ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಈಗ ಜಾಗವಿದೆ. ಸಿಬಿಎಸ್‌ಇ 1998ರಿಂದ ಪರೀಕ್ಷಾ ಕಾಲದಲ್ಲಿ ದೂರವಾಣಿ ಸಮಾಲೋಚನೆ ನಡೆಸುತ್ತಿದೆ, ಅದರಲ್ಲಿ ಯುಎಇಯ ಸಮಾಲೋಚಕರೂ ಇರುತ್ತಾರೆ. ಹತ್ತನೇ ತರಗತಿಗೆ 2026ರಿಂದ ವರ್ಷಕ್ಕೆ ಎರಡು ಪರೀಕ್ಷೆ ಎಂಬ ತೀರ್ಮಾನವನ್ನು ಮಂಡಳಿ 2025ರಲ್ಲಿ ತೆಗೆದುಕೊಂಡಿತು. ಮೂರು ವಿಷಯಗಳ ತನಕ ಅಂಕ ಸುಧಾರಿಸಿಕೊಳ್ಳಬಹುದು. ಕರ್ನಾಟಕ 2024ರಲ್ಲೇ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಗೆ ಮೂರು ಪರೀಕ್ಷೆಗಳ ಪದ್ಧತಿ ತಂದಿತ್ತು. ಒಂದೇ ದಿನದ ಮೇಲೆ ಒಂದು ವರ್ಷ ನಿಂತಿದೆ ಎಂಬ ಭಯವನ್ನು ಇಳಿಸುವ ಔಷಧಿಯಲ್ಲದ ಉಪಾಯಗಳಲ್ಲಿ ಇಂಥ ಬದಲಾವಣೆಯನ್ನೂ ಸೇರಿಸಲೇಬೇಕು. ಎರಡನೇ ಪರೀಕ್ಷೆಗೂ ಈಗಲೇ ಟ್ಯೂಷನ್ ಹಾಕಿಬಿಟ್ಟರೆ ಮಾತ್ರ ಅದೂ ಇನ್ನೊಂದು ಹೊರೆ.

1988ರಲ್ಲಿ ರೇ ಹೆಂಬ್ರೀ 562 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಶಾಲಾ ಸಮಾಲೋಚಕರಿಗೆ ಇವತ್ತಿಗೂ ದಾರಿದೀಪ: ಓದುವ ಕ್ರಮವನ್ನಷ್ಟೇ ಕಲಿಸಿದರೆ ಆತಂಕ ಇಳಿಯದು, ಯೋಚನೆ ಮತ್ತು ದೇಹ ಎರಡನ್ನೂ ಪಳಗಿಸುವ ಕ್ರಮ ಜೊತೆಗಿರಬೇಕು. ಸಮಾಲೋಚಕಿಯ ಕೋಣೆಗೆ ಹೋಗಲು ಮಕ್ಕಳಿಗಿಂತ ಹೆಚ್ಚು ಅಂಜುವವರು ಪೋಷಕರು. "ತಲೆ ಸರಿಯಿಲ್ಲ ಅಂತ ದಾಖಲೆಯಾಗಿಬಿಟ್ಟರೆ?" "ಸಂಘದವರಿಗೆ ಗೊತ್ತಾದರೆ?" ಪರೀಕ್ಷಾ ಆತಂಕಕ್ಕೆ ಸಮಾಲೋಚನೆ ಪಡೆಯುವುದು ಕಣ್ಣಿಗೆ ಕನ್ನಡಕ ಮಾಡಿಸಿಕೊಂಡಷ್ಟೇ ಸಹಜ ಎಂಬುದನ್ನು ಕರ್ನಾಟಕ ಸಂಘಗಳ ವೇದಿಕೆಗಳಿಂದಲೇ, ಪ್ರತಿಭಾ ಪುರಸ್ಕಾರ ಕೊಡುವ ಆ ವೇದಿಕೆಗಳಿಂದಲೇ, ಹೇಳಬೇಕು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ಶಾಲೆಗೇ ಹೋಗಲಾರೆ ಎಂದರೆ, ಬದುಕುವುದೇ ಬೇಡ ಎಂಬ ಮಾತು ಒಮ್ಮೆ ಬಂದರೂ, ಉಸಿರಾಟದ ವ್ಯಾಯಾಮದಲ್ಲಿ ಹೊತ್ತು ಕಳೆಯದೆ ಅದೇ ದಿನ ತಜ್ಞರನ್ನು ಕಾಣಬೇಕು. ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುವ ಮಕ್ಕಳಿಗೆ 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416 ಸಂಖ್ಯೆ ಹಗಲಿರುಳೂ ಇದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಇಷ್ಟೆಲ್ಲದರ ನಡುವೆ ಹೆಚ್ಚು ಗಮನ ಸಿಗದಿರುವುದು ಮನೆಯ ಮಾತು. ಪರೀಕ್ಷೆ ಮುಗಿಸಿ ಬಂದ ಮಗುವಿಗೆ ಕಾರಿನ ಬಾಗಿಲು ತೆರೆಯುವ ಮುಂಚೆಯೇ ಎದುರಾಗುವ ಪ್ರಶ್ನೆ "ಎಷ್ಟು ಬರಬಹುದು?" ಮನೆಗೆ ಬಂದ ಮೇಲೆ ಪ್ರಶ್ನೆಪತ್ರಿಕೆ ಹರಡಿ, ತಪ್ಪಿದ್ದೆಷ್ಟೆಂದು ಗುರುತು ಹಾಕುವ ವಿಚಾರಣೆ. ನಾಡಿದ್ದಿನ ವಿಷಯದ ಓದು ಅಲ್ಲೇ ಅರ್ಧ ಕರಗುತ್ತದೆ. ಮುಗಿದ ಪತ್ರಿಕೆಯನ್ನು ಒಂದು ಫೈಲಿಗೆ ಹಾಕಿ ಕೊನೆಯ ಪರೀಕ್ಷೆಯ ತನಕ ತೆರೆಯದಿರುವ ಮನೆಗಳಿವೆ, ಮತ್ತು ಆ ಫೈಲು ಇರುವ ಮನೆಗಳಲ್ಲಿ ಮಾರ್ಚ್ ತಿಂಗಳು ಬೇರೆಯೇ ಆಗಿರುತ್ತದೆ.

ಫಲಿತಾಂಶದ ಕಾಲವೂ ಹಾಗೆಯೇ. ಗಲ್ಫಿನ ಭಾರತೀಯ ಶಾಲೆಗಳಲ್ಲಿ ಹತ್ತನೆಯದು ಬರೆದ ಮಕ್ಕಳು ಏಪ್ರಿಲ್‌ನಲ್ಲೇ ಹನ್ನೊಂದರ ಬೆಂಚಿನಲ್ಲಿ ಕುಳಿತಿರುತ್ತಾರೆ, ಹೊಸ ಭೌತವಿಜ್ಞಾನ ಶುರುವಾಗಿರುತ್ತದೆ; ಹಳೆಯ ಅಂಕ ಮಾತ್ರ ಇನ್ನೂ ಬಂದಿರುವುದಿಲ್ಲ. ಆ ಕಾಯುವ ವಾರಗಳಿಗೆ ಯಾವ ಶಿಬಿರವೂ ಇಲ್ಲ. ವೆಬ್‌ಸೈಟು ತೆರೆಯುವ ದಿನ ಮಗು ಒಬ್ಬಂಟಿಯಾಗಿ ಫೋನ್ ಹಿಡಿದಿರದಂತೆ ನೋಡಿಕೊಳ್ಳುವುದು, ಅಂಕ ಎಷ್ಟೇ ಬರಲಿ ಆ ಸಂಜೆ ಊಟಕ್ಕೆ ಎಲ್ಲಿಗೆ ಹೋಗುವುದೆಂದು ಮೊದಲೇ ಗೊತ್ತುಮಾಡಿಡುವುದು, ಊರಿನ ಬಳಗಕ್ಕೆ ಯಾರು, ಯಾವಾಗ, ಏನು ತಿಳಿಸಬೇಕೆಂಬುದನ್ನು ಮಗುವಿಗೇ ಬಿಡುವುದು ಇವಕ್ಕೆ ಖರ್ಚಿಲ್ಲ. ಅಜ್ಜಿಗೆ ಧ್ವನಿ ಸಂದೇಶ ಕಳಿಸುವವಳು ಆ ಹುಡುಗಿಯೇ ಆಗಿರಲಿ, ಅವಳಿಗೆ ಅನ್ನಿಸಿದ ಹೊತ್ತಿಗೆ.